ಆಂಜಿಯೋಗ್ರಾಂ ನಾರ್ಮಲ್, ಆದರೂ ಎದೆನೋವು: ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಎದೆನೋವು ಎಂದ ಕೂಡಲೇ ನಮ್ಮ ನಾಲಗೆಗೆ ಬರುವ ಮಾತು 'ಬ್ಲಾಕ್'. ಆಂಜಿಯೋಗ್ರಾಂ ಮಾಡಿಸಿದಾಗ ಬ್ಲಾಕ್ ಕಂಡರೆ ಸ್ಟೆಂಟ್ ಅಥವಾ ಬೈಪಾಸ್. ಕಾಣದಿದ್ದರೆ 'ಏನೂ ಇಲ್ಲ, ಗ್ಯಾಸ್ ಇರಬೇಕು' ಎಂಬ ಸಮಾಧಾನ. ಮನೆಯವರಿಗೆ ನಿರಾಳ, ರೋಗಿಗೂ ಅಂದಿಗೆ ನಿರಾಳ. ಆದರೆ ಕೆಲವರ ನೋವು ಈ ಸಮಾಧಾನದ ಮಾತಿನಿಂದ ಹೋಗುವುದಿಲ್ಲ. ಗುಡ್ಡೆ ಹತ್ತುವಾಗ, ಬಾವಿಯಿಂದ ನೀರು ಸೇದುವಾಗ, ಬಟ್ಟೆ ಒಗೆದು ಮುಗಿಸಿದ ಮೇಲೆ ಎದೆ ಹಿಡಿದಂತಾಗುವುದು, ಏದುಸಿರು, ಹೇಳತೀರದ ಸುಸ್ತು ಮುಂದುವರಿಯುತ್ತದೆ. ಎರಡನೆಯ ಸಲ, ಮೂರನೆಯ ಸಲ ಹೇಳಿದಾಗ ಮನೆಯವರೂ ಅಷ್ಟಾಗಿ ಕಿವಿಗೊಡುವುದಿಲ್ಲ. 'ಆಂಜಿಯೋಗ್ರಾಂ ಸರಿ ಇದೆಯಲ್ಲ, ಇನ್ನೇನು? ಟೆನ್ಶನ್ ಮಾಡಿಕೊಳ್ಳಬೇಡಿ' ಎನ್ನುತ್ತಾರೆ. ಹೀಗೆ ಹೇಳಿಸಿಕೊಳ್ಳುವವರಲ್ಲಿ ಮಹಿಳೆಯರೇ ಹೆಚ್ಚು.

ಇಂಥವರಲ್ಲಿ ಒಂದು ಪಾಲು ಜನರಿಗೆ ನಿಜವಾಗಿಯೂ ಹೃದಯದ ಕಾಯಿಲೆ ಇರುತ್ತದೆ. ಅದು ದೊಡ್ಡ ರಕ್ತನಾಳಗಳಲ್ಲಿ ಅಲ್ಲ, ಆಂಜಿಯೋಗ್ರಾಂನ ಚಿತ್ರದಲ್ಲಿ ಕಾಣಿಸದ ಸೂಕ್ಷ್ಮ ರಕ್ತನಾಳಗಳಲ್ಲಿ. ಈ ಕಾಯಿಲೆಯನ್ನು ಒಂದು ಸರಳ ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಬಹುದೇ ಎಂಬ ಪ್ರಶ್ನೆಗೆ ಜಗತ್ತಿನ ಹಲವು ಕಡೆ ಸಂಶೋಧಕರು ಉತ್ತರ ಹುಡುಕುತ್ತಿದ್ದಾರೆ. ಇತ್ತ ಲ್ಯಾಬ್‌ಗಳ 'ಹೃದಯ ಪ್ಯಾಕೇಜ್' ಜಾಹೀರಾತುಗಳೂ ಹೆಚ್ಚುತ್ತಿವೆ. ಆದ್ದರಿಂದ ಈ ವಿಷಯವನ್ನು ನಮ್ಮ ಧರ್ಮಕೇಂದ್ರಗಳ ಜನರು, ವಿಶೇಷವಾಗಿ ರೋಗಿಗಳನ್ನು ಭೇಟಿ ಮಾಡುವವರು ಮತ್ತು ಆರೋಗ್ಯ ಶಿಬಿರ ನಡೆಸುವವರು, ಸ್ಪಷ್ಟವಾಗಿ ತಿಳಿದಿರುವುದು ಒಳಿತು.

ದೊಡ್ಡ ಪೈಪು, ಸಣ್ಣ ನಳಿಗೆ

ನಮ್ಮ ಅಡಿಕೆ ತೋಟಗಳಲ್ಲಿ ನೀರು ಹರಿಯುವ ಬಗೆಯನ್ನು ಗಮನಿಸಿ. ಪಂಪಿನಿಂದ ಹೊರಟ ದೊಡ್ಡ ಪೈಪು ತೋಟದ ಉದ್ದಕ್ಕೂ ಹೋಗುತ್ತದೆ. ಅದರಿಂದ ಕವಲೊಡೆದ ಸಣ್ಣ ನಳಿಗೆಗಳು ಪ್ರತಿಯೊಂದು ಮರದ ಬುಡಕ್ಕೆ ಹನಿ ಹನಿಯಾಗಿ ನೀರುಣಿಸುತ್ತವೆ. ದೊಡ್ಡ ಪೈಪಿನಲ್ಲಿ ನೀರು ಭರ್ತಿ ಇದ್ದರೂ ಸಣ್ಣ ನಳಿಗೆಗಳ ಬಾಯಿ ಕಟ್ಟಿದ್ದರೆ ಮರ ಒಣಗುತ್ತದೆ. ದೂರದಿಂದ ನೋಡಿದವನಿಗೆ ಪೈಪು ಸರಿಯಾಗಿಯೇ ಕಾಣುತ್ತದೆ.

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ವ್ಯವಸ್ಥೆಯೂ ಹೀಗೆಯೇ. ಹೃದಯದ ಮೇಲ್ಮೈಯಲ್ಲಿ ಹರಿಯುವ ದೊಡ್ಡ ರಕ್ತನಾಳಗಳ ಅಗಲ ಕೆಲವು ಮಿಲಿಮೀಟರ್ ಮಾತ್ರ. ಆಂಜಿಯೋಗ್ರಾಂನಲ್ಲಿ ವೈದ್ಯರು ನೋಡುವುದು ಇವುಗಳನ್ನು. ಇವು ಸ್ನಾಯುವಿನ ಒಳಗೆ ಇಳಿಯುತ್ತಾ ಕವಲೊಡೆದು ಅರ್ಧ ಮಿಲಿಮೀಟರಿಗಿಂತ ಸಣ್ಣದಾಗುತ್ತವೆ, ಮುಂದೆ ತಲೆಗೂದಲಿನಷ್ಟು ಸಪೂರವಾಗುತ್ತವೆ, ಕೊನೆಗೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುವಷ್ಟು ಕಿರಿದಾದ ಲೋಮನಾಳಗಳಾಗುತ್ತವೆ. ಸ್ನಾಯುವಿಗೆ ಆಮ್ಲಜನಕ ಸಿಗುವುದು ಈ ಕೊನೆಯ ಹಂತದಲ್ಲಿ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ದೇಹದ ಬೇರೆ ಅಂಗಗಳು ರಕ್ತದಲ್ಲಿರುವ ಆಮ್ಲಜನಕದ ಒಂದಂಶವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತವೆ. ಹೃದಯ ಹಾಗಲ್ಲ. ವಿಶ್ರಾಂತಿಯಲ್ಲಿರುವಾಗಲೇ ತನಗೆ ಬಂದ ರಕ್ತದ ಆಮ್ಲಜನಕದ ಹೆಚ್ಚಿನ ಪಾಲನ್ನು ಅದು ಹೀರಿಕೊಂಡಿರುತ್ತದೆ. ನಾವು ಮೆಟ್ಟಿಲು ಹತ್ತಿದಾಗ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾದರೆ ರಕ್ತದ ಹರಿವೇ ಹೆಚ್ಚಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಂತರಲ್ಲಿ ಈ ಹರಿವು ಮೂರರಿಂದ ಐದು ಪಟ್ಟು ಏರಬಲ್ಲದು. ಏರುವುದು ಸೂಕ್ಷ್ಮ ನಾಳಗಳು ಹಿಗ್ಗುವುದರಿಂದ. ಅವು ಹಿಗ್ಗದಿದ್ದರೆ ಅಥವಾ ಹಿಗ್ಗಬೇಕಾದಾಗ ಕುಗ್ಗಿದರೆ ದೊಡ್ಡ ನಾಳದಲ್ಲಿ ಒಂದು ಬ್ಲಾಕ್ ಕೂಡ ಇಲ್ಲದೆ ಹೃದಯದ ಸ್ನಾಯು ಹಸಿಯುತ್ತದೆ. ಆ ಹಸಿವೇ ಎದೆನೋವು, ಏದುಸಿರು, ಸುಸ್ತು.

ಕೆಲವರಲ್ಲಿ ಸೂಕ್ಷ್ಮ ನಾಳಗಳ ಗೋಡೆ ದಪ್ಪವಾಗಿರುತ್ತದೆ, ಲೋಮನಾಳಗಳ ಸಂಖ್ಯೆಯೇ ಕಡಿಮೆಯಾಗಿರುತ್ತದೆ. ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಕಾಣಬಹುದು. ಇನ್ನು ಕೆಲವರಲ್ಲಿ ನಾಳದ ರಚನೆ ಸರಿ ಇದ್ದರೂ ಅದರ ಒಳಪದರ ತನ್ನ ಕೆಲಸ ಮರೆತಿರುತ್ತದೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಹಾಗಾಗಿ ಈ ಕಾಯಿಲೆಗೆ ಒಂದೇ ಮುಖವಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳೋಣ. ರಕ್ತಪರೀಕ್ಷೆಯ ಮಾತು ಬಂದಾಗ ಇದು ಮುಖ್ಯವಾಗುತ್ತದೆ.

'ಎಕ್ಸ್' ಎಂಬ ಹೆಸರು

ಈ ಕಾಯಿಲೆ ಹೊಸದೇನಲ್ಲ. 1960ರ ದಶಕದಲ್ಲಿಯೇ, ಆಂಜಿಯೋಗ್ರಾಂ ಬಳಕೆಗೆ ಬಂದು ಹೆಚ್ಚು ವರ್ಷ ಆಗಿರದಿದ್ದಾಗ, ಎದೆನೋವಿದ್ದರೂ ರಕ್ತನಾಳ ಶುದ್ಧವಾಗಿರುವ ಮಹಿಳೆಯರನ್ನು ವೈದ್ಯರು ಗುರುತಿಸಿ ಬರೆದಿದ್ದರು. 1973ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಇಬ್ಬರು ಸಂಶೋಧಕರು ಇಂಥ ರೋಗಿಗಳ ಗುಂಪನ್ನು 'ಎಕ್ಸ್ ಗುಂಪು' ಎಂದು ಕರೆದರು. ಅದೇ ವರ್ಷ ಹಾರ್ವಿ ಕೆಂಪ್ ಎಂಬ ವೈದ್ಯರು ಆ ಅಧ್ಯಯನದ ಕುರಿತು ಬರೆದ ಸಂಪಾದಕೀಯದಲ್ಲಿ 'ಸಿಂಡ್ರೋಮ್ ಎಕ್ಸ್' ಎಂಬ ಹೆಸರು ಬಳಸಿದರು. ಕಾರಣ ಗೊತ್ತಿಲ್ಲದ ಕಾಯಿಲೆಗೆ ಒಪ್ಪುವ ಹೆಸರೇ ಸರಿ. 1988ರಲ್ಲಿ ಅಮೆರಿಕದ ರಿಚರ್ಡ್ ಕ್ಯಾನನ್ ಮತ್ತು ಸ್ಟೀಫನ್ ಎಪ್‌ಸ್ಟೀನ್ ಇದನ್ನು 'ಮೈಕ್ರೋವ್ಯಾಸ್ಕುಲರ್ ಆಂಜೈನಾ', ಅಂದರೆ ಸೂಕ್ಷ್ಮ ರಕ್ತನಾಳಗಳ ಎದೆನೋವು ಎಂದು ಕರೆದ ಮೇಲೆ ಕಾಯಿಲೆ ಇರುವ ಜಾಗ ಸ್ಪಷ್ಟವಾಯಿತು.

1996ರಲ್ಲಿ ಅಮೆರಿಕದಲ್ಲಿ ಮಹಿಳೆಯರಿಗಾಗಿಯೇ ಆರಂಭವಾದ 'ವೈಸ್' ಎಂಬ ದೊಡ್ಡ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಬ್ಲಾಕ್ ಇಲ್ಲದೆ ಎದೆನೋವು ಇದ್ದ ಮಹಿಳೆಯರನ್ನು ವಿಶೇಷ ಪರೀಕ್ಷೆಗೆ ಒಳಪಡಿಸಿದಾಗ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೂಕ್ಷ್ಮ ನಾಳಗಳ ದೋಷವಿರುವುದು ಕಂಡುಬಂತು. ಇವರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದಾಗ, 'ಬ್ಲಾಕ್ ಇಲ್ಲ, ಹಾಗಾಗಿ ಅಪಾಯವಿಲ್ಲ' ಎಂಬ ನಂಬಿಕೆ ಸರಿಯಲ್ಲ ಎಂಬುದೂ ತಿಳಿಯಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ವರದಿ ಸುಮಾರು 4 ಲಕ್ಷ ಜನರ ಆಂಜಿಯೋಗ್ರಾಂ ದಾಖಲೆಗಳನ್ನು ಪರಿಶೀಲಿಸಿತ್ತು. ಮೊದಲೇ ಹೃದ್ರೋಗ ಇದೆಯೆಂದು ಗೊತ್ತಿಲ್ಲದೆ, ತುರ್ತಲ್ಲದ ಸಂದರ್ಭದಲ್ಲಿ ಪರೀಕ್ಷೆಗೆ ಬಂದ ಇವರಲ್ಲಿ ದೊಡ್ಡ ಬ್ಲಾಕ್ ಕಂಡದ್ದು ಸುಮಾರು 38 ಶೇಕಡಾ ಮಂದಿಗೆ ಮಾತ್ರ. ಉಳಿದವರೆಲ್ಲರಿಗೂ ಸೂಕ್ಷ್ಮ ನಾಳಗಳ ಕಾಯಿಲೆಯೇ ಎಂದಲ್ಲ. ಆದರೆ 'ನಾರ್ಮಲ್' ಎಂಬ ಕಾಗದ ಹಿಡಿದು ಮನೆಗೆ ಹೋಗುವವರು ಎಷ್ಟು ಮಂದಿ ಎಂಬುದು ಇದರಿಂದ ತಿಳಿಯುತ್ತದೆ.

ರಕ್ತದಲ್ಲಿರುವ ಸೂಚಕಗಳು

ದೇಹದ ಒಳಗೆ ನಡೆಯುವ ಒಂದು ಕೆಲಸದ ಅಥವಾ ಕೇಡಿನ ಗುರುತಾಗಿ ರಕ್ತದಲ್ಲಿ ಅಳೆಯಬಹುದಾದ ವಸ್ತುವಿಗೆ ಬಯೋಮಾರ್ಕರ್, ಅಂದರೆ ಸೂಚಕ ಎಂದು ಹೆಸರು. ಸಕ್ಕರೆ ಕಾಯಿಲೆಗೆ ರಕ್ತದ ಸಕ್ಕರೆ ಒಂದು ಸೂಚಕ. ಹೃದಯದ ಸೂಕ್ಷ್ಮ ನಾಳಗಳ ಕಾಯಿಲೆಯಲ್ಲಿ ಸಂಶೋಧಕರು ಪರೀಕ್ಷಿಸಿರುವ ಸೂಚಕಗಳನ್ನು, ಅವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದನ್ನು ಹಿಡಿದು ನಾಲ್ಕು ಗುಂಪು ಮಾಡಬಹುದು.

ಮೊದಲನೆಯದು, ಸ್ನಾಯುವಿಗೆ ಗಾಯವಾಗಿದೆಯೇ? ಇದಕ್ಕೆ ಉತ್ತರ ಕೊಡುವುದು ಟ್ರೋಪೋನಿನ್. ಇದು ಹೃದಯದ ಸ್ನಾಯುಕೋಶಗಳ ಒಳಗಿರುವ ಪ್ರೋಟೀನು. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಹೃದಯಾಘಾತವನ್ನು ಗುರುತಿಸಲು ಇಂದು ಎಲ್ಲೆಡೆ ಬಳಸುವುದು ಇದನ್ನೇ. ಒಂದು ಸಲ ಅಲ್ಲ, ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ನೋಡಿ ಏರಿಳಿತವನ್ನು ಗಮನಿಸುತ್ತಾರೆ. ಸೂಕ್ಷ್ಮ ನಾಳಗಳ ಕಾಯಿಲೆಯಲ್ಲಿ ಸ್ನಾಯು ಹಸಿಯುತ್ತದೆ, ಆದರೆ ಸಾಮಾನ್ಯವಾಗಿ ಸಾಯುವುದಿಲ್ಲ. ಆದ್ದರಿಂದ ಹೆಚ್ಚಿನವರಲ್ಲಿ ಟ್ರೋಪೋನಿನ್ ನಾರ್ಮಲ್ ಮಿತಿಯಲ್ಲೇ ಇರುತ್ತದೆ. ಅತಿ ಸೂಕ್ಷ್ಮ ವಿಧಾನದಲ್ಲಿ ಅಳೆದಾಗ ಕೆಲವರಲ್ಲಿ ಆ ಮಿತಿಯ ಒಳಗೇ ತುಸು ಮೇಲೆ ಇರುವುದು ಕಂಡಿದೆ, ಅಷ್ಟೇ.

ಎರಡನೆಯದು, ಹೃದಯದ ಮೇಲೆ ಒತ್ತಡ ಬಿದ್ದಿದೆಯೇ? ಹೃದಯದ ಗೋಡೆ ಹಿಗ್ಗಿ ಎಳೆತಕ್ಕೆ ಒಳಗಾದಾಗ ಬಿಎನ್‌ಪಿ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಜಪಾನಿನ ಸಂಶೋಧಕರು 1988ರಲ್ಲಿ ಇದನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ಹೃದಯವೇ ಇದರ ಮುಖ್ಯ ಮೂಲ ಎಂದು ತಿಳಿದದ್ದು ಆಮೇಲೆ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಇದರ ಜೊತೆಗಾರ ತುಣುಕಾದ ಎನ್‌ಟಿ-ಪ್ರೋಬಿಎನ್‌ಪಿಯನ್ನು. ಹೃದಯ ವೈಫಲ್ಯ ಪತ್ತೆಗೆ ಇದು ಬಹಳ ಉಪಯುಕ್ತ. ಹೃದಯ ಹಿಂಡುವ ಶಕ್ತಿ ಸರಿಯಿದ್ದೂ ಸಡಿಲಗೊಳ್ಳಲಾರದೆ ಉಂಟಾಗುವ ಒಂದು ಬಗೆಯ ಹೃದಯ ವೈಫಲ್ಯವಿದೆ. ಅಂಥ 202 ರೋಗಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ 75 ಶೇಕಡಾ ಮಂದಿಗೆ ಸೂಕ್ಷ್ಮ ನಾಳಗಳ ದೋಷವಿತ್ತು. ದೋಷಕ್ಕೂ ಎನ್‌ಟಿ-ಪ್ರೋಬಿಎನ್‌ಪಿ ಏರಿಕೆಗೂ ನಂಟು ಕಂಡಿತು. ಆದರೆ ಈ ಸೂಚಕ ವಯಸ್ಸಾದಂತೆ ಏರುತ್ತದೆ, ಮೂತ್ರಪಿಂಡ ಸೋತಾಗ ಏರುತ್ತದೆ, ಬೊಜ್ಜು ಇರುವವರಲ್ಲಿ ಇಳಿದಿರುತ್ತದೆ.

ಮೂರನೆಯದು, ಉರಿಯೂತ ಇದೆಯೇ? ಇದಕ್ಕೆ ಸಿ.ಆರ್.ಪಿ. ಎಂಬ ಪ್ರೋಟೀನನ್ನು ನೋಡುತ್ತಾರೆ. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಯಕೃತ್ತು ಇದನ್ನು ತಯಾರಿಸುತ್ತದೆ. ದೀರ್ಘಕಾಲದ ಮಂದ ಉರಿಯೂತ ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತದೆ ಎಂಬುದು ಇಂದು ಒಪ್ಪಿತ ವಿಚಾರ. ಎದೆನೋವಿದ್ದು ಬ್ಲಾಕ್ ಇಲ್ಲದವರಲ್ಲಿ ಸಿ.ಆರ್.ಪಿ. ಹೆಚ್ಚಿದ್ದವರ ಹೃದಯದ ರಕ್ತಹರಿವು ಕಡಿಮೆ ಇದ್ದುದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಹಲ್ಲಿನ ವಸಡು ಬಾತುಕೊಂಡರೂ, ಗಂಟುನೋವಿದ್ದರೂ, ಮಳೆಗಾಲದ ಒಂದು ಶೀತಜ್ವರ ಬಂದುಹೋದರೂ ಸಿ.ಆರ್.ಪಿ. ಏರುತ್ತದೆ. ಬೆಂಕಿ ಇದೆ ಎಂದು ಇದು ಹೇಳುತ್ತದೆ, ಯಾವ ಮನೆಯಲ್ಲಿ ಎಂದು ಹೇಳುವುದಿಲ್ಲ.

ನಾಲ್ಕನೆಯದು, ನಾಳದ ಒಳಪದರ ಕೆಲಸ ಮಾಡುತ್ತಿದೆಯೇ? ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳವನ್ನು ಹಿಗ್ಗಿಸುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ದೇಹದಲ್ಲೇ ಉಂಟಾಗುವ ಎ.ಡಿ.ಎಂ.ಎ. ಎಂಬ ವಸ್ತು ಈ ಅನಿಲದ ಉತ್ಪಾದನೆಗೆ ಅಡ್ಡಿ ಮಾಡುತ್ತದೆ. ಅದೇ ಒಳಪದರ ಎಂಡೋಥೀಲಿನ್ ಎಂಬ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ. ಜಪಾನಿನ ಯನಗಿಸಾವಾ ಮತ್ತು ಸಂಗಡಿಗರು 1988ರಲ್ಲಿ ಕಂಡುಹಿಡಿದ ಇದು ನಾಳಗಳನ್ನು ಬಲವಾಗಿ ಕುಗ್ಗಿಸುತ್ತದೆ. ಹಿಗ್ಗಿಸುವ ಶಕ್ತಿ ಕುಂದಿ ಕುಗ್ಗಿಸುವ ಶಕ್ತಿ ಹೆಚ್ಚಿದರೆ ಕಾಯಿಲೆ ಎಂಬುದು ತರ್ಕ. ಸೂಕ್ಷ್ಮ ನಾಳಗಳ ಎದೆನೋವಿರುವ ಹಲವರಲ್ಲಿ ಎಂಡೋಥೀಲಿನ್ ಹೆಚ್ಚಿರುವುದೂ ಕಂಡುಬಂದಿದೆ.

ಹಾಗಾದರೆ ಎಂಡೋಥೀಲಿನ್ ಕೆಲಸವನ್ನು ತಡೆಯುವ ಔಷಧ ಕೊಟ್ಟರೆ ನೋವು ಹೋಗಬೇಕಲ್ಲವೇ? ಬ್ರಿಟನ್ನಿನ ಸಂಶೋಧಕರು ಜಿಬೊಟೆಂಟಾನ್ ಎಂಬ ಔಷಧವನ್ನು ಇಂಥ 118 ರೋಗಿಗಳಲ್ಲಿ ಪ್ರಯೋಗಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಟ್ರೆಡ್‌ಮಿಲ್ ಮೇಲೆ ನಡೆಯಬಲ್ಲ ಸಮಯ ಹೆಚ್ಚಾಗಲಿಲ್ಲ. ಒಂದು ವಸ್ತು ರಕ್ತದಲ್ಲಿ ಹೆಚ್ಚಿರುವುದು ಬೇರೆ, ಅದೇ ನೋವಿಗೆ ಕಾರಣವಾಗಿರುವುದು ಬೇರೆ ಎಂಬ ಪಾಠ ಇದರಲ್ಲಿದೆ.

ಒಂದು ರಕ್ತಪರೀಕ್ಷೆ ಏಕೆ ಸಾಲದು?

ಇಷ್ಟೆಲ್ಲ ಸೂಚಕಗಳಿದ್ದರೂ 'ಇದನ್ನು ಮಾಡಿಸಿ, ಹೃದಯದ ಸೂಕ್ಷ್ಮ ನಾಳಗಳ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ' ಎನ್ನಬಹುದಾದ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಒಂದು, ಕೈಯಿಂದ ತೆಗೆದ ರಕ್ತ ಇಡೀ ದೇಹದ ರಕ್ತ. ಹೃದಯದ ಸೂಕ್ಷ್ಮ ನಾಳಗಳಿಂದ ಬಂದ ಸುದ್ದಿ ಅದರಲ್ಲಿ ಯಕೃತ್ತು, ಮೂತ್ರಪಿಂಡ, ಕೀಲು, ಕೊಬ್ಬು ಎಲ್ಲದರ ಸುದ್ದಿಯೊಂದಿಗೆ ಬೆರೆತಿರುತ್ತದೆ. ತೋಟದ ಕೆರೆಯ ನೀರನ್ನು ಎಷ್ಟು ಪರೀಕ್ಷಿಸಿದರೂ ಯಾವ ಮರದ ನಳಿಗೆ ಕಟ್ಟಿದೆ ಎಂದು ತಿಳಿಯುವುದಿಲ್ಲ.

ಎರಡು, ಮೊದಲೇ ಹೇಳಿದಂತೆ ಈ ಕಾಯಿಲೆಗೆ ಹಲವು ಮುಖಗಳು. ಗೋಡೆ ದಪ್ಪಗಾದವರ ರಕ್ತ ಹೇಳುವ ಮಾತೇ ಬೇರೆ, ನಾಳ ಸೆಡೆತುಕೊಳ್ಳುವವರ ರಕ್ತ ಹೇಳುವ ಮಾತೇ ಬೇರೆ.

ಮೂರು, ಕಾಯಿಲೆ ಇರುವವರ ಮತ್ತು ಇಲ್ಲದವರ ಅಂಕೆಗಳು ಒಂದರ ಮೇಲೊಂದು ಬೀಳುತ್ತವೆ. ನೂರಾರು ಜನರ ಸರಾಸರಿ ತೆಗೆದರೆ ವ್ಯತ್ಯಾಸ ಕಾಣುತ್ತದೆ. ಆದರೆ ಎದುರಿಗೆ ಕುಳಿತ ಒಬ್ಬ ರೋಗಿಯ ಅಂಕೆ ನೋಡಿ ತೀರ್ಪು ಕೊಡಲು ಆ ವ್ಯತ್ಯಾಸ ಸಾಲದು.

ಈ ಮೂರನೆಯ ಮಾತನ್ನು ಒಂದು ಲೆಕ್ಕದಿಂದ ತಿಳಿಯೋಣ. ಇದು ವಿವರಣೆಗಾಗಿ ಮಾಡಿಕೊಂಡ ಲೆಕ್ಕ, ಯಾವುದೇ ಅಧ್ಯಯನದ್ದಲ್ಲ. ಒಂದು ಶಿಬಿರಕ್ಕೆ 200 ಜನ ಬಂದರು, ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 10 ಮಂದಿ ಎಂದಿಟ್ಟುಕೊಳ್ಳಿ. ಕಾಯಿಲೆ ಇದ್ದವರಲ್ಲಿ 80 ಶೇಕಡಾ ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ 80 ಶೇಕಡಾ ಮಂದಿಗೆ 'ಇಲ್ಲ' ಎಂದು ಸರಿಯಾಗಿ ಹೇಳುವ ಪರೀಕ್ಷೆ ನಮ್ಮಲ್ಲಿದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಅದು 10 ಮಂದಿಯಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ಉಳಿದ 190 ಮಂದಿ ಆರೋಗ್ಯವಂತರಲ್ಲಿ 38 ಮಂದಿಗೆ 'ಕಾಯಿಲೆ ಇರಬಹುದು' ಎಂಬ ಚೀಟಿ ಕೊಡುತ್ತದೆ. ಒಟ್ಟು 46 ಮಂದಿ ಹೆದರಿ ಮನೆಗೆ ಹೋದರು, ಅವರಲ್ಲಿ ಕಾಯಿಲೆ ಇರುವವರು 8 ಮಂದಿ ಮಾತ್ರ. ಇನ್ನಿಬ್ಬರು ಕಾಯಿಲೆ ಇದ್ದೂ ಸುಳ್ಳು ಸಮಾಧಾನದಿಂದ ಹೋದರು. ಭಯಪಟ್ಟ 38 ಮಂದಿಯ ಮುಂದಿನ ಪರೀಕ್ಷೆಗಳ ಖರ್ಚನ್ನು ಯಾರು ಭರಿಸಬೇಕು?

ಹಾಗೆಂದು ಈ ಸಂಶೋಧನೆ ವ್ಯರ್ಥವೆಂದು ತಿಳಿಯಬಾರದು. ಕಾಯಿಲೆ ಹೇಗೆ ಹುಟ್ಟುತ್ತದೆ ಎಂಬ ತಿಳಿವಳಿಕೆ ಈ ಸೂಚಕಗಳಿಂದಲೇ ಬೆಳೆದಿದೆ. ಒಂದರ ಬದಲು ಹಲವು ಸೂಚಕಗಳನ್ನು ಒಟ್ಟಿಗೆ ನೋಡುವ, ನೂರಾರು ಪ್ರೋಟೀನುಗಳನ್ನು ಒಂದೇ ಸಲ ಅಳೆಯುವ, ಮೈಕ್ರೋ ಆರ್‌ಎನ್‌ಎ ಎಂಬ ಸಣ್ಣ ತುಣುಕುಗಳನ್ನು ಪರಿಶೀಲಿಸುವ ಪ್ರಯತ್ನಗಳು ನಡೆಯುತ್ತಿವೆ. ಆದರೆ ಅವು ಸಂಶೋಧನಾಲಯದ ಕೆಲಸ. ಶಿಬಿರದ ಮೇಜಿಗೆ ಬರುವಷ್ಟು ಪಕ್ವವಾಗಿಲ್ಲ.

ಹಾಗಾದರೆ ಪತ್ತೆ ಹೇಗೆ?

ನಳಿಗೆ ಕಟ್ಟಿದೆಯೇ ಎಂದು ತಿಳಿಯಲು ಹರಿವನ್ನೇ ಅಳೆಯಬೇಕು. ಅಡೆನೋಸಿನ್ ಎಂಬ ಔಷಧವನ್ನು ಕೊಟ್ಟು ಸೂಕ್ಷ್ಮ ನಾಳಗಳನ್ನು ಹಿಗ್ಗಿಸಿ, ರಕ್ತದ ಹರಿವು ಎಷ್ಟು ಪಟ್ಟು ಏರುತ್ತದೆ ಎಂದು ನೋಡುತ್ತಾರೆ. ಎರಡು ಅಥವಾ ಎರಡೂವರೆ ಪಟ್ಟಿಗಿಂತ ಕಡಿಮೆ ಏರಿದರೆ ದೋಷವಿದೆ ಎಂದರ್ಥ. ಆಂಜಿಯೋಗ್ರಾಂ ಮಾಡುವಾಗಲೇ ವಿಶೇಷ ತಂತಿಯೊಂದನ್ನು ಒಳಗೆ ಇಳಿಸಿ ಇದನ್ನು ಅಳೆಯಬಹುದು. ಪೆಟ್ ಸ್ಕ್ಯಾನ್, ಹೃದಯದ ಎಂ.ಆರ್.ಐ. ಅಥವಾ ಡಾಪ್ಲರ್ ಎಕೋ ಮೂಲಕ ದೇಹದೊಳಗೆ ತಂತಿ ಇಳಿಸದೆಯೂ ನೋಡಬಹುದು. ಡೆನ್ಮಾರ್ಕಿನಲ್ಲಿ ಎದೆನೋವಿದ್ದೂ ದೊಡ್ಡ ಬ್ಲಾಕ್ ಇಲ್ಲದ ಮಹಿಳೆಯರನ್ನು ಡಾಪ್ಲರ್ ಎಕೋದಿಂದ ಪರೀಕ್ಷಿಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರ ಹರಿವು ಎರಡು ಪಟ್ಟನ್ನೂ ಮುಟ್ಟಲಿಲ್ಲ.

2018ರಲ್ಲಿ ಹಲವು ದೇಶಗಳ ತಜ್ಞರ ತಂಡ ಈ ಕಾಯಿಲೆಯನ್ನು ನಿರ್ಣಯಿಸಲು ನಾಲ್ಕು ಮಾನದಂಡಗಳನ್ನು ಪ್ರಕಟಿಸಿತು: ಹೃದಯದ ಹಸಿವಿನ ಲಕ್ಷಣಗಳು, ದೊಡ್ಡ ನಾಳಗಳಲ್ಲಿ ಅಡ್ಡಿ ಇಲ್ಲದಿರುವುದು, ಸ್ನಾಯುವಿಗೆ ರಕ್ತ ಸಾಲದೆ ಹೋಗುವುದಕ್ಕೆ ಪರೀಕ್ಷೆಯ ಪುರಾವೆ, ಮತ್ತು ಸೂಕ್ಷ್ಮ ನಾಳಗಳ ಕೆಲಸದಲ್ಲಿ ದೋಷ. ಈ ನಾಲ್ಕರಲ್ಲಿ ರಕ್ತದ ಸೂಚಕ ಒಂದೂ ಇಲ್ಲ ಎಂಬುದು ಗಮನಾರ್ಹ.

ಪತ್ತೆ ಮಾಡಿದರೆ ಪ್ರಯೋಜನವಿದೆಯೇ ಎಂದು ಕೇಳಬಹುದು. ಸ್ಕಾಟ್ಲೆಂಡಿನಲ್ಲಿ ನಡೆದ 'ಕಾರ್ಮಿಕಾ' ಎಂಬ ಅಧ್ಯಯನ ಇದಕ್ಕೆ ಉತ್ತರ ನೀಡಿದೆ. ಬ್ಲಾಕ್ ಇಲ್ಲದೆ ಎದೆನೋವಿದ್ದ 151 ಮಂದಿಯಲ್ಲಿ ಒಂದು ಗುಂಪಿಗೆ ಮೇಲೆ ಹೇಳಿದ ಪರೀಕ್ಷೆಯ ಫಲಿತಾಂಶಕ್ಕೆ ತಕ್ಕ ಔಷಧ, ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಕೊಡಲಾಯಿತು. 6 ತಿಂಗಳ ನಂತರ ಮೊದಲ ಗುಂಪಿನವರ ನೋವು ಕಡಿಮೆಯಾಗಿತ್ತು, ಬದುಕು ಹಗುರವಾಗಿತ್ತು. 2018ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬಳಸಿದ ಔಷಧಗಳು ಹೊಸವೇನಲ್ಲ, ಬಹುಕಾಲದಿಂದ ಬಳಕೆಯಲ್ಲಿರುವ ಮಾತ್ರೆಗಳೇ. ಯಾರಿಗೆ ಯಾವುದು ಎಂಬುದು ಗೊತ್ತಾದದ್ದೇ ಲಾಭ. ಈ ಪರೀಕ್ಷೆಯ ಸೌಲಭ್ಯ ಎಲ್ಲ ಊರಿನಲ್ಲಿ ಇಲ್ಲದಿದ್ದರೂ, 'ಸೂಕ್ಷ್ಮ ನಾಳಗಳ ತೊಂದರೆ ಇರಬಹುದೇ?' ಎಂದು ಹೃದ್ರೋಗ ತಜ್ಞರನ್ನು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಅಗ್ಗದ ಪರೀಕ್ಷೆಗಳ ಬೆಲೆ

ರಕ್ತಪರೀಕ್ಷೆಯಿಂದ ಪ್ರಯೋಜನವೇ ಇಲ್ಲ ಎಂದು ಇದರ ಅರ್ಥವಲ್ಲ. ಎದೆನೋವಿನ ರೋಗಿಗೆ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಗಳು ಮೊದಲು ಮಾಡಿಸಲು ಹೇಳುವುದು ಸಾಮಾನ್ಯ ಪರೀಕ್ಷೆಗಳನ್ನೇ: ಹಿಮೋಗ್ಲೋಬಿನ್ ಸಹಿತ ರಕ್ತಕಣಗಳ ಎಣಿಕೆ, ಸಕ್ಕರೆ ಮತ್ತು ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕ್ರಿಯಾಟಿನಿನ್, ಥೈರಾಯ್ಡ್.

ಇವುಗಳಿಗೆ ಕಾರಣವಿದೆ. ರಕ್ತಹೀನತೆ ಇದ್ದರೆ ನಾಳಗಳೆಲ್ಲ ಸರಿಯಿದ್ದರೂ ಹೃದಯಕ್ಕೆ ಆಮ್ಲಜನಕ ಸಾಲದು. ಏದುಸಿರು, ಸುಸ್ತು, ಕೆಲವೊಮ್ಮೆ ಎದೆನೋವೂ ಬರುತ್ತದೆ. ನಮ್ಮ ಮಹಿಳೆಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಎಲ್ಲರಿಗೂ ತಿಳಿದದ್ದೇ. ಸಕ್ಕರೆ ಕಾಯಿಲೆ ಕಣ್ಣಿನ ಮತ್ತು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸುವಂತೆ ಹೃದಯದ ಸೂಕ್ಷ್ಮ ನಾಳಗಳನ್ನೂ ಕೆಡಿಸುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದ್ದರೆ ಮೂತ್ರಪಿಂಡದ ಸಣ್ಣ ನಾಳಗಳು ಸೋತಿವೆ ಎಂದರ್ಥ. 202 ರೋಗಿಗಳ ಮೇಲಿನ ಅಧ್ಯಯನದಲ್ಲಿ ಹೃದಯದ ಸೂಕ್ಷ್ಮ ನಾಳಗಳ ದೋಷಕ್ಕೂ ಇದಕ್ಕೂ ನಂಟು ಕಂಡಿತ್ತು. ಇವು ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ ಇಂದೇ ಚಿಕಿತ್ಸೆ ಕೊಡಬಹುದಾದ ಕಾರಣಗಳನ್ನು ತೋರಿಸಿಕೊಡುತ್ತವೆ. ದುಬಾರಿ ಪ್ಯಾಕೇಜಿನ ಅಂಕೆಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದು.

ನಮ್ಮ ಕಾರ್ಯಕರ್ತರಿಗೆ ಕೆಲವು ಮಾತು

1. ಎದೆನೋವು 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಂದುವರಿದರೆ, ಬೆವರು, ವಾಕರಿಕೆ, ಕೈ ಅಥವಾ ದವಡೆಗೆ ಹರಡುವ ನೋವು ಇದ್ದರೆ, ಸೂಕ್ಷ್ಮ ನಾಳವೋ ದೊಡ್ಡ ನಾಳವೋ ಎಂದು ಯೋಚಿಸುತ್ತಾ ಕೂರಬೇಡಿ. ಹಿಂದೆ ಆಂಜಿಯೋಗ್ರಾಂ ನಾರ್ಮಲ್ ಇದ್ದರೂ ಸರಿ, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇ.ಸಿ.ಜಿ. ಮತ್ತು ಟ್ರೋಪೋನಿನ್ ಪರೀಕ್ಷೆ ಅಲ್ಲಿ ಜೀವ ಉಳಿಸಬಲ್ಲದು.

2. ಶಿಬಿರ ಏರ್ಪಡಿಸುವಾಗ ಸಿ.ಆರ್.ಪಿ., ಎನ್‌ಟಿ-ಪ್ರೋಬಿಎನ್‌ಪಿ ಮೊದಲಾದ ಪರೀಕ್ಷೆಗಳನ್ನು ಲಕ್ಷಣವಿಲ್ಲದವರಿಗೆಲ್ಲ ಮಾಡಿಸುವ ಬದಲು ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಇವಿಷ್ಟನ್ನು ಚೆನ್ನಾಗಿ ಮಾಡಿಸಿ. ದೋಷ ಕಂಡವರು ನಂತರ ವೈದ್ಯರ ಬಳಿ ಹೋದರೇ ಎಂದು ವಾಳೆಯ ಗುರಿಕಾರರು ವಿಚಾರಿಸಿದರೆ ಶಿಬಿರ ಸಾರ್ಥಕ.

3. ರೋಗಿಗಳ ಭೇಟಿಗೆ ಹೋದಾಗ ಬ್ಲಾಕ್ ಇಲ್ಲದೆ ನೋವು ಅನುಭವಿಸುವವರಿಗೆ 'ನಿಮಗೇನೂ ಇಲ್ಲ' ಎನ್ನಬೇಡಿ. ಯಾವಾಗ ನೋವು ಬರುತ್ತದೆ, ಏನು ಕೆಲಸ ಮಾಡುವಾಗ, ಎಷ್ಟು ಹೊತ್ತು, ಕೆಲಸ ನಿಲ್ಲಿಸಿದ ಮೇಲೂ ಇರುತ್ತದೆಯೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ವೈದ್ಯರಿಗೆ ಆ ಪುಸ್ತಕ ಬಹಳ ನೆರವಾಗುತ್ತದೆ. ಈ ಕಾಯಿಲೆಯಲ್ಲಿ ನೋವು ಕೆಲಸ ಮುಗಿದ ಮೇಲೂ ಉಳಿಯುವುದುಂಟು, ನಾಲಗೆಯ ಅಡಿಯ ಮಾತ್ರೆಗೆ ಬಗ್ಗದಿರುವುದೂ ಉಂಟು.

4. ಬೀಡಿ, ಸಿಗರೇಟು ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳನ್ನು ತಪ್ಪದೆ ಸೇವಿಸುವುದು, ವೈದ್ಯರು ಹೇಳಿದಷ್ಟು ದಿನವೂ ನಡೆಯುವುದು ಸೂಕ್ಷ್ಮ ನಾಳಗಳಿಗೂ ಔಷಧವೇ. ರಿಪೋರ್ಟ್ ನಾರ್ಮಲ್ ಬಂತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರನ್ನು ತಡೆಯಿರಿ.

ವಿಜ್ಞಾನ ಇನ್ನೂ ಹುಡುಕುತ್ತಿರುವ ವಿಷಯದಲ್ಲಿ ನಾವು ಅವಸರದ ತೀರ್ಪು ಕೊಡುವುದು ಸಲ್ಲದು. ಲ್ಯಾಬಿನ ಕಾಗದದಲ್ಲಿ ಒಂದು ಅಂಕೆ ಏರಿದೆ ಎಂದು ಹೃದ್ರೋಗಿ ಎನ್ನುವುದೂ ತಪ್ಪು, ಎಲ್ಲ ಅಂಕೆಗಳು ಸರಿಯಿವೆ ಎಂದು ನೋವೇ ಸುಳ್ಳು ಎನ್ನುವುದೂ ತಪ್ಪು. ನಮ್ಮ ಮನೆಯಲ್ಲಿ, ನೆರೆಯಲ್ಲಿ ತಾಯಿಯೊಬ್ಬರು, ಅಕ್ಕ ಒಬ್ಬರು 'ಎದೆ ಹಿಡಿದಂತಾಗುತ್ತದೆ' ಎಂದು ಮತ್ತೆ ಹೇಳಿದರೆ ಅದನ್ನು ಮೊದಲ ಸಲ ಕೇಳಿದಂತೆ ಕೇಳೋಣ, ವೈದ್ಯರ ಬಳಿಗೆ ಜೊತೆಯಾಗಿ ಹೋಗೋಣ.